ಹಸಿರು ಬಾವುಟ ಒತ್ತುವ ಮುನ್ನ: ಪುಟ್ಟ ಮಕ್ಕಳಿಗೆ ಸಿಮ್ಯುಲೇಷನ್, ಗ್ರಾಫಿಕ್ಸ್ ಕಲಿಸುವ ಬಗೆ

ಪ್ರಾಥಮಿಕ ಶಾಲೆಯ ಕಂಪ್ಯೂಟರ್ ತರಗತಿಗಳಲ್ಲಿ ಮಕ್ಕಳು ಮಾಡುವ ಕೆಲಸದಲ್ಲಿ ಬೆಕ್ಕು ನಡೆಯುತ್ತದೆ, ಮೀನು ಈಜುತ್ತದೆ, ರಾಕೆಟ್ ಹಾರುತ್ತದೆ. ನೋಡಲು ಚೆಂದ. ಆದರೆ ಇದರಲ್ಲಿ ಬಹುಪಾಲು ಆನಿಮೇಷನ್, ಸಿಮ್ಯುಲೇಷನ್ ಅಲ್ಲ. ಮೀನು ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ಮಗು ಮೊದಲೇ ಗೊತ್ತುಮಾಡಿಕೊಂಡು ಹಾಗೇ ಮಾಡಿಸಿದರೆ ಅದು ಆನಿಮೇಷನ್. ಮೀನಿಗೆ ಎರಡು ಮೂರು ನಿಯಮ ಕೊಟ್ಟು, ಮುಂದೇನಾಗುತ್ತದೆ ಅಂತ ಮಗುವೇ ಕಾದು ನೋಡಬೇಕಾಗಿ ಬಂದರೆ ಅದು ಸಿಮ್ಯುಲೇಷನ್. ಎರಡೂ ಬೇಕು, ಆದರೆ ಎರಡನ್ನೂ ಒಂದೇ ಅಂದುಕೊಂಡು ಕಲಿಸಿದರೆ ಎರಡನೆಯದು ಕಲಿಸಿದಂತೆಯೇ ಆಗುವುದಿಲ್ಲ.

ಇದಕ್ಕೆ ಒಂದು ಅಭ್ಯಾಸ ತುಂಬ ಸಹಾಯ ಮಾಡುತ್ತದೆ. ಸ್ಕ್ರ್ಯಾಚ್ ಅಂದರೆ 'ಬ್ಲಾಕ್' ಎಂಬ ಆದೇಶದ ತುಂಡುಗಳನ್ನು ಜೋಡಿಸಿ ಮಕ್ಕಳು ಪ್ರೋಗ್ರಾಂ ಮಾಡುವ ತಂತ್ರಾಂಶ. ಸ್ಕ್ರ್ಯಾಚ್‌ನಲ್ಲಿ ಹಸಿರು ಬಾವುಟ ಒತ್ತಿದರೆ ಪ್ರಾಜೆಕ್ಟ್ ಓಡುತ್ತದೆ. ಆ ಬಾವುಟ ಒತ್ತುವ ಮುನ್ನ ಪ್ರತಿ ಮಗುವೂ ತನ್ನ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು: ಈಗ ಏನಾಗುತ್ತದೆ ಅಂತ ನನ್ನ ಊಹೆ. ಒಂದೇ ಸಾಲು ಸಾಕು, ಚಿತ್ರ ಬರೆದರೂ ಸರಿ. ಊಹೆ ಬರೆಯದೆ ಓಡಿಸಿದ ಮಗು ಪರದೆಯ ಮೇಲೆ ಏನು ಬಂದರೂ 'ಹೌದು, ಇದೇ ಬೇಕಿತ್ತು' ಅನ್ನುತ್ತದೆ. ಬರೆದಿಟ್ಟ ಮಗು ಮಾತ್ರ 'ಅರೆ, ಹೀಗ್ಯಾಕಾಯ್ತು?' ಅಂತ ಕೇಳುತ್ತದೆ. ಆ ಪ್ರಶ್ನೆ ಹುಟ್ಟಿದ ಮೇಲೆ ಮಾಸ್ತರರ ಕೆಲಸ ಅರ್ಧ ಹಗುರ.

ಚಿತ್ರ ಅಂದರೆ ಅಂಕಿಗಳ ಹಾಳೆ

ಗ್ರಾಫಿಕ್ಸ್ ಪಾಠವನ್ನು ಬ್ರಷ್ ಉಪಕರಣದಿಂದ ಶುರುಮಾಡಬೇಡಿ, ಚೌಕುಳಿ ಹಾಳೆಯಿಂದ ಶುರುಮಾಡಿ. 8 ಅಡ್ಡ, 8 ಉದ್ದ, ಒಟ್ಟು 64 ಮನೆ. ಪ್ರತಿ ಮನೆಯೂ ಒಂದೋ ಕಪ್ಪು ಅಥವಾ ಬಿಳಿ. ಮಕ್ಕಳು ಮನೆ, ಮರ, ನಗುಮೊಗ ಏನಾದರೂ ತುಂಬಲಿ. ಆಮೇಲೆ ಆ ಚಿತ್ರವನ್ನು ಪಕ್ಕದ ಮಗುವಿಗೆ ತೋರಿಸದೆ, ಬರೀ ಅಂಕಿಗಳಲ್ಲಿ ಕಳಿಸಬೇಕು. ಪ್ರತಿ ಸಾಲಿನಲ್ಲಿ ಮೊದಲು ಎಷ್ಟು ಬಿಳಿ, ಆಮೇಲೆ ಎಷ್ಟು ಕಪ್ಪು, ಮತ್ತೆ ಎಷ್ಟು ಬಿಳಿ ಅಂತ ಬರೆದರೆ ಸಾಕು. '2, 4, 2' ಅಂದರೆ ಎರಡು ಬಿಳಿ, ನಾಲ್ಕು ಕಪ್ಪು, ಎರಡು ಬಿಳಿ. ಸಾಲು ಕಪ್ಪಿನಿಂದಲೇ ಶುರುವಾದರೆ ಮೊದಲ ಅಂಕಿ 0. ಈ ಸೊನ್ನೆಯಲ್ಲೇ ಅರ್ಧ ತರಗತಿ ಎಡವುತ್ತದೆ: ಸೊನ್ನೆ ಬಿಟ್ಟರೆ ಆ ಸಾಲಿನ ಕಪ್ಪು ಬಿಳಿ ಅದಲುಬದಲಾಗುತ್ತದೆ. ಆ ತಪ್ಪು ಆಗಲಿ ಬಿಡಿ. ಚಿತ್ರದ ನಡುವೆ ಒಂದು ಸಾಲು ಮಾತ್ರ ತಿರುಗುಮುರುಗಾಗಿ ಬಂದದ್ದನ್ನು ಕಂಡಾಗ ಸೊನ್ನೆ ಯಾಕೆ ಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ. ಸಾಲಿನ ಅಂಕಿಗಳನ್ನು ಕೂಡಿದರೆ 8 ಬರಲೇಬೇಕು. ಕಳಿಸುವ ಮೊದಲು ಮಗುವೇ ಕೂಡಿ ನೋಡಿಕೊಳ್ಳಬಹುದು. ಫ್ಯಾಕ್ಸ್ ಯಂತ್ರಗಳು ಪುಟ ಕಳಿಸುತ್ತಿದ್ದುದೂ ಹೆಚ್ಚುಕಡಿಮೆ ಇದೇ ಉಪಾಯದಿಂದ.

ಬಣ್ಣಕ್ಕೆ ಬಂದಾಗ ಮಕ್ಕಳಿಗೆ ಚಿತ್ರಕಲೆ ತರಗತಿಯ ಪಾಠವೇ ಅಡ್ಡ ಬರುತ್ತದೆ. ಬಣ್ಣದ ಡಬ್ಬಿಯಲ್ಲಿ ಕೆಂಪು, ಹಸಿರು ಕಲಸಿದರೆ ಕಂದು ಕಂದಾಗುತ್ತದೆ. ಪರದೆಯಲ್ಲಿ ಕೆಂಪು ಬೆಳಕು, ಹಸಿರು ಬೆಳಕು ಸೇರಿದರೆ ಹಳದಿ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು. ಕೋಣೆ ಕತ್ತಲು ಮಾಡಿ, ಮೂರು ಟಾರ್ಚ್‌ಗಳಿಗೆ ಕೆಂಪು, ಹಸಿರು, ನೀಲಿ ಬಣ್ಣದ ಪಾರದರ್ಶಕ ಹಾಳೆ ಕಟ್ಟಿ, ಬಿಳಿ ಗೋಡೆಯ ಮೇಲೆ ಬೆಳಕು ಬೀಳಿಸಿ. ಒಂದೇ ಪದರ ಹಾಕಿದರೆ ಬಣ್ಣ ಪೇಲವವಾಗಿ ಎಲ್ಲವೂ ಬಿಳಿಯಂತೆ ಕಾಣುತ್ತದೆ, ಅದಕ್ಕೇ ಎರಡು ಪದರ ಹಾಕಿ. ನೀಲಿ ಹಾಳೆ ಬೆಳಕನ್ನು ಹೆಚ್ಚು ತಡೆಯುತ್ತದೆ, ಆ ಟಾರ್ಚನ್ನು ಗೋಡೆಗೆ ಹತ್ತಿರ ಹಿಡಿಯಿರಿ. ಇದಾದ ಮೇಲೆ ಹಳೆಯ ದೊಡ್ಡ ಮಾನಿಟರಿನಲ್ಲಿ ಬಿಳಿ ಪುಟ ತೆರೆದು ಭೂತಗನ್ನಡಿಯಿಂದ ನೋಡಿಸಿ. ಬಿಳಿ ಎಂಬುದು ಅಲ್ಲಿ ಇಲ್ಲವೇ ಇಲ್ಲ, ಕೆಂಪು, ಹಸಿರು, ನೀಲಿ ಪಟ್ಟಿಗಳಷ್ಟೇ ಇರುತ್ತವೆ. ಹೊಸ ಫೋನುಗಳ ಚುಕ್ಕೆ ತೀರಾ ಸಣ್ಣದು, ಸಾಧಾರಣ ಕನ್ನಡಿಗೆ ಸಿಗುವುದಿಲ್ಲ.

ಪ್ರತಿ ಬಣ್ಣಕ್ಕೂ 0 ಯಿಂದ 255 ರವರೆಗೆ ಮಟ್ಟಗಳಿವೆ ಅಂತ ನಾಲ್ಕನೆಯ, ಐದನೆಯ ತರಗತಿಯವರಿಗೆ ಹೇಳಬಹುದು. 256 ಅನ್ನು ಮೂರು ಸಲ ಗುಣಿಸಿದರೆ 1,67,77,216 ಬಣ್ಣ. ಚಿಕ್ಕವರಿಗೆ ಈ ಲೆಕ್ಕ ಬೇಡ. ಒಂದು ಎಚ್ಚರಿಕೆ: ಸ್ಕ್ರ್ಯಾಚ್‌ನ ಬಣ್ಣದ ಪೆಟ್ಟಿಗೆಯಲ್ಲಿ ಕೆಂಪು-ಹಸಿರು-ನೀಲಿ ಜಾರುಪಟ್ಟಿಗಳಿಲ್ಲ. ಅಲ್ಲಿರುವುದು ಬಣ್ಣ, ಗಾಢತೆ, ಹೊಳಪು, ಮೂರೂ 0 ಯಿಂದ 100. ಟಾರ್ಚ್ ಪಾಠ ಮುಗಿಸಿ ನೇರ ಅಲ್ಲಿಗೆ ಕರೆದೊಯ್ದರೆ ಮಕ್ಕಳು ಕಕ್ಕಾಬಿಕ್ಕಿಯಾಗುತ್ತಾರೆ.

ಸ್ಕ್ರ್ಯಾಚ್‌ನಲ್ಲಿ ಚಿತ್ರ ಬರೆಯಲು ಎರಡು ವಿಧಾನ ಇವೆ, ವೆಕ್ಟರ್ ಮತ್ತು ಬಿಟ್‌ಮ್ಯಾಪ್. ಬಿಟ್‌ಮ್ಯಾಪ್ ಅಂದರೆ ಚೌಕುಳಿ ಹಾಳೆಯೇ, ದೊಡ್ಡದು ಮಾಡಿದರೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ವೆಕ್ಟರ್‌ನಲ್ಲಿ ಕಂಪ್ಯೂಟರ್ ಆಕಾರದ ವಿವರಣೆಯನ್ನು ಇಟ್ಟುಕೊಂಡಿರುತ್ತದೆ, ಎಷ್ಟು ಹಿಗ್ಗಿಸಿದರೂ ಗೆರೆ ನುಣುಪು. ಬಣ್ಣ ತುಂಬುವಾಗಿನ ತಕರಾರುಗಳೂ ಬೇರೆ ಬೇರೆ. ಬಿಟ್‌ಮ್ಯಾಪ್‌ನಲ್ಲಿ ಗೆರೆಯಲ್ಲಿ ಒಂದು ಚುಕ್ಕೆಯಷ್ಟು ಸಂದಿ ಇದ್ದರೂ ಬಣ್ಣ ಹೊರಗೆ ಚೆಲ್ಲಿ ಇಡೀ ಹಾಳೆ ತುಂಬುತ್ತದೆ. ವೆಕ್ಟರ್‌ನಲ್ಲಿ ಗೆರೆಯ ತುದಿಗಳು ಕೂಡದಿದ್ದರೆ ಬಣ್ಣ ತುಂಬುವುದೇ ಇಲ್ಲ. ಇನ್ನೊಂದು ನಿತ್ಯದ ದೂರು, 'ನನ್ನ ಬೊಂಬೆ ನಡೆಯುವಾಗ ನಡುಗುತ್ತದೆ'. ಎರಡು ಕಾಸ್ಟ್ಯೂಮ್‌ಗಳನ್ನು, ಅಂದರೆ ಒಂದೇ ಬೊಂಬೆಯ ಬೇರೆ ಬೇರೆ ರೂಪಗಳನ್ನು, ಬರೆದಾಗ ಒಂದರ ನಡು ಒಂದು ಕಡೆ, ಇನ್ನೊಂದರ ನಡು ಇನ್ನೊಂದು ಕಡೆ ಇದೆ, ಅಷ್ಟೇ. ಚಿತ್ರವನ್ನೆಲ್ಲ ಆಯ್ದು, ಗುಂಪು ಮಾಡಿ, ಹಾಳೆಯ ಮಧ್ಯದ ಗುರುತಿಗೆ ಸರಿಸಿದರೆ ನಡುಕ ನಿಲ್ಲುತ್ತದೆ. ಇನ್ನೂ ಒಳ್ಳೆಯದು, ಎರಡನೆಯ ಕಾಸ್ಟ್ಯೂಮನ್ನು ಹೊಸದಾಗಿ ಬರೆಯದೆ ಮೊದಲನೆಯದರ ನಕಲು ತೆಗೆದು ಕಾಲುಗಳನ್ನಷ್ಟೇ ಬದಲಿಸುವುದು.

ತ್ರಿಕೋನಕ್ಕೆ 60 ಅಲ್ಲ, 120

1967 ರಲ್ಲಿ ವಾಲಿ ಫ್ಯೂರ್‌ಟ್ಸೈಗ್, ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್ ಮತ್ತು ಜೊತೆಗಾರರು ಮಕ್ಕಳಿಗಾಗಿ ಲೋಗೋ ಭಾಷೆ ಮಾಡಿದರು. 'ಮುಂದೆ ಹೋಗು, ತಿರುಗು' ಅಂತ ಗೆರೆ ಎಳೆಯುತ್ತ ಸಾಗುವ ಒಂದು 'ಆಮೆ'ಗೆ ಹೇಳಿ ಚಿತ್ರ ಬರೆಸುವ ಪದ್ಧತಿ ಆ ಭಾಷೆಯಿಂದ ಬಂತು. ಸ್ಕ್ರ್ಯಾಚ್‌ನ ಪೆನ್ ವಿಸ್ತರಣೆಯಲ್ಲಿ (ಬೊಂಬೆ ನಡೆದಲ್ಲಿ ಗೆರೆ ಎಳೆಯುವ ಬ್ಲಾಕ್‌ಗಳ ಗುಂಪು) ಈಗಲೂ ಅದೇ ಕೆಲಸ ಮಾಡಬಹುದು. ಚೌಕ ಸುಲಭ: 100 ಹೆಜ್ಜೆ, 90 ಡಿಗ್ರಿ, ನಾಲ್ಕು ಸಲ. ತ್ರಿಕೋನ ಹೇಳಿದೊಡನೆ ಎಲ್ಲರೂ 60 ಹಾಕುತ್ತಾರೆ, ಯಾಕೆಂದರೆ ಸಮಬಾಹು ತ್ರಿಕೋನದ ಒಳಕೋನ 60 ಅಂತ ಪುಸ್ತಕದಲ್ಲಿ ಓದಿರುತ್ತಾರೆ. ಪರದೆಯ ಮೇಲೆ ಬರುವುದು ಅರ್ಧ ಷಟ್ಕೋನ, ಬಾಯಿ ತೆರೆದುಕೊಂಡು ನಿಂತಿರುತ್ತದೆ.

ಇಲ್ಲಿ ಉತ್ತರ ಹೇಳಿಕೊಡುವ ಆಸೆ ತಡೆದುಕೊಳ್ಳಿ. ಮಗುವನ್ನು ಎಬ್ಬಿಸಿ ನೆಲದ ಮೇಲೆ ಸೀಮೆಸುಣ್ಣದ ತ್ರಿಕೋನದ ಗೆರೆಯಲ್ಲಿ ನಡೆಸಿ. ಮೂಲೆಗೆ ಬಂದಾಗ ಮೈ ಎಷ್ಟು ತಿರುಗಬೇಕಾಯಿತು? ಒಳಗಿನ ಸಣ್ಣ ಕೋನದಷ್ಟಲ್ಲ, ಹೋಗುತ್ತಿದ್ದ ದಿಕ್ಕು ಬಿಟ್ಟು ಹೊಸ ದಿಕ್ಕಿಗೆ ಹೊರಳುವಷ್ಟು. ಅದು 120. ಸುತ್ತು ಹೊಡೆದು ಮೊದಲಿದ್ದ ಜಾಗಕ್ಕೆ, ಮೊದಲಿದ್ದ ಕಡೆಗೇ ಮುಖಮಾಡಿ ನಿಂತರೆ ಒಟ್ಟು 360 ತಿರುಗಿದಂತಾಯಿತು ಅನ್ನುವುದು ಮೈಗೆ ಅರ್ಥವಾದ ಮೇಲೆ ಐದು ಮೂಲೆಗೆ 72, ಆರಕ್ಕೆ 60, ಎಂಟಕ್ಕೆ 45 ಅನ್ನುವುದನ್ನು ಮಕ್ಕಳೇ ಭಾಗಿಸಿ ಹೇಳುತ್ತಾರೆ.

ಸ್ಕ್ರ್ಯಾಚ್ ರಂಗದ (ಬೊಂಬೆಗಳು ಓಡಾಡುವ ಜಾಗ) ಅಗಲ 480, ಎತ್ತರ 360, ನಡುವೆ ಸೊನ್ನೆ. ಎಡಕ್ಕೆ, ಕೆಳಕ್ಕೆ ಹೋದರೆ ಋಣಸಂಖ್ಯೆ. ಎಂಟು ವರ್ಷದ ಮಕ್ಕಳಿಗೆ ಋಣಸಂಖ್ಯೆ ಇನ್ನೂ ಪಾಠವಾಗಿರುವುದಿಲ್ಲ. ಅವರಿಗೆ 'ಇಂಥ ಜಾಗಕ್ಕೆ ಹೋಗು' ಬ್ಲಾಕ್ ಬದಲು 'ಇಷ್ಟು ಹೆಜ್ಜೆ ಹೋಗು, ಇಷ್ಟು ತಿರುಗು' ಸಾಕು. ಚೆಂಡು ನೆಲಕ್ಕೆ ಬಿದ್ದು ಪುಟಿಯುವ ಸಿಮ್ಯುಲೇಷನ್ ಅನ್ನು ಹಲವರು ಮೊದಲ ಪಾಠವಾಗಿ ಹಿಡಿಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ವೇಗವನ್ನು -0.8 ರಿಂದ ಗುಣಿಸಬೇಕಾಗುತ್ತದೆ, ಅಂದರೆ ಋಣವೂ ಬಂತು, ದಶಮಾಂಶವೂ ಬಂತು. ಮಗು ಅರ್ಥವಾಗದ ಅಂಕಿಯನ್ನು ನಕಲು ಮಾಡುತ್ತದೆ, ನಿಯಮ ಅದರ ಕೈಗೆ ಸಿಗುವುದಿಲ್ಲ.

ಮೊದಲ ಸಿಮ್ಯುಲೇಷನ್: 120 ದಾಳ

ಮೊದಲ ಸಿಮ್ಯುಲೇಷನ್‌ಗೆ ಕಂಪ್ಯೂಟರೇ ಬೇಡ. 30 ಮಕ್ಕಳಿಗೆ ತಲಾ 4 ದಾಳ, ಒಟ್ಟು 120. ಎಲ್ಲರೂ ಒಟ್ಟಿಗೆ ಎಸೆಯುವುದು, 6 ಬಿದ್ದವನ್ನು ಪಕ್ಕಕ್ಕೆ ಇಡುವುದು, ಉಳಿದವನ್ನು ಎಣಿಸಿ ಹಲಗೆಯ ಮೇಲೆ ಬರೆಯುವುದು, ಮತ್ತೆ ಎಸೆಯುವುದು. ಸರಾಸರಿ ಲೆಕ್ಕದಲ್ಲಿ 120 ಮೊದಲ ಎಸೆತಕ್ಕೆ 100 ಆಗುತ್ತದೆ, ಆಮೇಲೆ 83, 69, 58, 48. ನಾಲ್ಕನೆಯ ಎಸೆತಕ್ಕೆ ಹತ್ತಿರ ಹತ್ತಿರ ಅರ್ಧ. ನಿಮ್ಮ ತರಗತಿಯಲ್ಲಿ ಇದೇ ಅಂಕಿ ಬರುವುದಿಲ್ಲ, 104 ಬಂದೀತು, 95 ಬಂದೀತು. ಹಾಗೆ ಬರಲೇಬೇಕು.

ಈ ಆಟದಲ್ಲಿ ಮಕ್ಕಳು ಕಾಣುವ ಒಂದು ಸಂಗತಿ ಮುಂದೆ ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ: ಒಂದೊಂದು ದಾಳ ಯಾವಾಗ ಹೋಗುತ್ತದೆಂದು ಯಾರೂ ಹೇಳಲಾರರು, ಆದರೆ 120 ದಾಳದ ಗೆರೆ ಹೇಗೆ ಇಳಿಯುತ್ತದೆಂದು ಹೇಳಬಹುದು. ತಲಾ ನಾಲ್ಕರಲ್ಲಿ ಏನೂ ಹೊಳೆಯುವುದಿಲ್ಲ, ಎಲ್ಲರದ್ದನ್ನೂ ಕೂಡಿದಾಗ ಮಾತ್ರ ಕಾಣುತ್ತದೆ. ಹಾಗಾಗಿ ಕೂಡಿ ಹಲಗೆಗೆ ಬರೆಯುವುದನ್ನು ತಪ್ಪಿಸಬೇಡಿ. ದಾಳ ಸಾಲದಿದ್ದರೆ ನಾಣ್ಯವೂ ಆಗುತ್ತದೆ, ಆದರೆ ಪ್ರತಿ ಎಸೆತಕ್ಕೂ ಅರ್ಧವಾಗುವುದರಿಂದ ಐದಾರು ಸುತ್ತಿಗೆ ಆಟ ಬಹುತೇಕ ಮುಗಿದುಹೋಗುತ್ತದೆ.

ಸೋಂಕು ಹರಡುವ ಮಾದರಿ

ಪರದೆಯ ಮೇಲಿನ ಮೊದಲ ಸಿಮ್ಯುಲೇಷನ್ ಆಗಿ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಮೂರು ನಿಯಮ, ಒಂದು ಸ್ಪ್ರೈಟ್ (ರಂಗದ ಮೇಲೆ ಓಡಾಡುವ ಬೊಂಬೆ), ನೋಡಿದ ಕೂಡಲೇ ಅರ್ಥವಾಗುವ ಫಲ.

ಸುಮಾರು 10 ಅಳತೆಯ ಒಂದು ಪುಟ್ಟ ವೃತ್ತ ಬರೆಯಿರಿ, ಅಂಚುಗೆರೆ ಇಲ್ಲದೆ. ಮೂರು ಕಾಸ್ಟ್ಯೂಮ್: ಹಸಿರು ಆರೋಗ್ಯವಂತ, ಕೆಂಪು ಸೋಂಕಿತ, ನೀಲಿ ಚೇತರಿಸಿಕೊಂಡವ. ಬಾವುಟ ಒತ್ತಿದಾಗ ಸ್ಪ್ರೈಟ್ ಹಸಿರಾಗಲಿ, ತನ್ನದೇ 50 ಕ್ಲೋನ್, ಅಂದರೆ ನಕಲು, ಮಾಡಲಿ, ಆಮೇಲೆ ತಾನು ಕೆಂಪಾಗಲಿ, 5 ಸೆಕೆಂಡ್ ಕಳೆದ ಮೇಲೆ ನೀಲಿಯಾಗಲಿ. ಕ್ಲೋನ್ ಆಗಿ ಹುಟ್ಟಿದವುಗಳಿಗೆ ಎರಡು ಸ್ಕ್ರಿಪ್ಟ್, ಅಂದರೆ ಬ್ಲಾಕ್‌ಗಳ ಸರಣಿ. ಮೊದಲನೆಯದು ಅಲೆದಾಟ: ಯಾವುದಾದರೂ ಜಾಗಕ್ಕೆ ಹೋಗು, ಆಮೇಲೆ ಸದಾಕಾಲ 3 ಹೆಜ್ಜೆ ಹೋಗು, -15 ರಿಂದ 15 ರ ನಡುವೆ ಎಷ್ಟಾದರೂ ತಿರುಗು, ಅಂಚು ಮುಟ್ಟಿದರೆ ಹಿಂದಿರುಗು. ಮೂಲ ಸ್ಪ್ರೈಟಿಗೂ ಇದೇ ಅಲೆದಾಟ ಬೇಕು. ಎರಡನೆಯದೇ ಪಾಠದ ಜೀವ: ಕೆಂಪು ಬಣ್ಣ ತಾಕುವವರೆಗೆ ಕಾಯಿ, ಕೆಂಪಾಗು, 5 ಸೆಕೆಂಡ್ ಕಾಯಿ, ನೀಲಿಯಾಗು. ನಾಲ್ಕೇ ಬ್ಲಾಕ್, ಮಗು ಗಟ್ಟಿಯಾಗಿ ಓದಿದರೆ ಒಂದು ವಾಕ್ಯದಂತೆ ಕೇಳುತ್ತದೆ.

ತಪ್ಪುವುದು ಎಲ್ಲೆಲ್ಲಿ? ಎಲ್ಲಕ್ಕಿಂತ ಹೆಚ್ಚಾಗಿ, ಕ್ಲೋನ್ ಮಾಡುವ ಮೊದಲೇ ಕೆಂಪಾಗಿಬಿಡುವುದು. ಕ್ಲೋನ್ ಹುಟ್ಟುವಾಗ ತಾಯಿ ಯಾವ ಕಾಸ್ಟ್ಯೂಮಿನಲ್ಲಿದೆಯೋ ಅದನ್ನೇ ತೊಟ್ಟು ಹುಟ್ಟುತ್ತದೆ, ಹೀಗಾಗಿ 50 ಮಂದಿಯೂ ಕೆಂಪು. ಬ್ಲಾಕ್‌ಗಳ ಕ್ರಮ ಯಾಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಉದಾಹರಣೆ ಸಿಗದು. ಎರಡನೆಯದು, 'ಸ್ಪ್ರೈಟ್ ತಾಕಿದೆಯೇ' ಬ್ಲಾಕ್ ಹುಡುಕುವುದು. ಅದರ ಪಟ್ಟಿಯಲ್ಲಿ ಸ್ಪ್ರೈಟಿನ ಸ್ವಂತ ಹೆಸರು ಇರುವುದಿಲ್ಲ, ಅದಕ್ಕೇ 'ಬಣ್ಣ ತಾಕಿದೆಯೇ' ಬಳಸಬೇಕು. ಆ ಬಣ್ಣವನ್ನು ಜಾರುಪಟ್ಟಿಯಿಂದ ಅಂದಾಜಿಗೆ ಆರಿಸಬೇಡಿ. ಹನಿಗೊಳವೆಯ ಗುರುತು ಒತ್ತಿ ರಂಗದ ಮೇಲಿನ ಕೆಂಪು ವೃತ್ತದಿಂದಲೇ ಎತ್ತಿಕೊಳ್ಳಿ. ಕಣ್ಣಿಗೆ ಒಂದೇ ಕಾಣುವ ಎರಡು ಕೆಂಪು ಕಂಪ್ಯೂಟರಿಗೆ ಬೇರೆ ಬೇರೆ. ಹಿನ್ನೆಲೆಯ ಚಿತ್ರದಲ್ಲಿ ಅದೇ ಕೆಂಪಿನ ಹೂವೋ ಮನೆಯ ಮಾಡೋ ಇದ್ದರೆ ಅದನ್ನು ದಾಟಿದವರಿಗೆಲ್ಲ ಸೋಂಕು ತಗುಲುತ್ತದೆ. ವೃತ್ತಕ್ಕೆ ಕಪ್ಪು ಅಂಚುಗೆರೆ ಬಿಟ್ಟಿದ್ದರೆ ತಾಕಿದರೂ ತಗುಲದೆ ಹೋಗಬಹುದು, ಯಾಕೆಂದರೆ ತಾಕಿದ್ದು ಕಪ್ಪು. ಇನ್ನು 'ಕ್ಲೋನ್ ಆಗಿ ಹುಟ್ಟಿದಾಗ' ಎಂಬುದರ ಕೆಳಗೆ ಮತ್ತೆ ಕ್ಲೋನ್ ಮಾಡು ಎಂದು ಹಾಕಿದರೆ ಒಂದಕ್ಕೆ ಇನ್ನೊಂದು ಹುಟ್ಟುತ್ತ ಹೋಗಿ 300 ಕ್ಕೆ ನಿಲ್ಲುತ್ತದೆ. ಸ್ಕ್ರ್ಯಾಚ್‌ನ ಮಿತಿ ಅದು, ದಾಟಿದಾಗ ಯಾವ ಸೂಚನೆಯನ್ನೂ ಕೊಡುವುದಿಲ್ಲ.

ಎಣಿಕೆಗೆ 'ಒಟ್ಟು ತಗುಲಿದ್ದು' ಎಂಬ ವೇರಿಯೇಬಲ್ (ಬದಲಾಗುವ ಅಂಕಿ ಇಡುವ ಡಬ್ಬಿ) ಮಾಡಿ, ಬಾವುಟ ಒತ್ತಿದಾಗ 1 ಕ್ಕೆ ಹೊಂದಿಸಿ, ಪ್ರತಿ ಕ್ಲೋನ್ ಕೆಂಪಾದಾಗ 1 ಸೇರಿಸಿ. ಕೆಂಪು ಯಾರೂ ಉಳಿಯದಾಗ ಆ ಅಂಕಿ ಓದಿಕೊಳ್ಳಿ. ಈಗ ಪ್ರತಿ ಜೋಡಿಯೂ ಐದು ಸಲ ಓಡಿಸಿ, ಹಲಗೆಯಲ್ಲಿ 1 ರಿಂದ 51 ರವರೆಗಿನ ಸಂಖ್ಯಾರೇಖೆಯ ಮೇಲೆ ಐದು ಚುಕ್ಕೆ ಇಡಲಿ. ಬಹುಪಾಲು ಚುಕ್ಕೆ ಬಲತುದಿಯಲ್ಲಿ ಗುಂಪುಗೂಡುತ್ತವೆ. ಆದರೂ ಒಂದೆರಡು ಸಲ ಮೊದಲನೆಯವ ಯಾರಿಗೂ ತಾಕದೆ ಚೇತರಿಸಿಕೊಂಡು, ಚುಕ್ಕೆ 1 ರಲ್ಲೇ ಉಳಿಯುತ್ತದೆ. 'ನಮ್ಮದು ಕೆಟ್ಟಿದೆ' ಅಂತ ಆ ಜೋಡಿ ಮುಖ ಸಪ್ಪೆ ಮಾಡಿಕೊಳ್ಳುತ್ತದೆ. ಕೆಟ್ಟಿಲ್ಲ, ಅದೂ ಉತ್ತರವೇ. ಒಂದೇ ಸಲ ಓಡಿಸಿ ತೀರ್ಮಾನ ಹೇಳಬಾರದು ಎಂಬುದನ್ನು ಆ ಒಂಟಿ ಚುಕ್ಕೆ ತೋರಿಸಿಕೊಡುತ್ತದೆ.

ಆಮೇಲೆ ಒಂದೇ ಒಂದು ಅಂಕಿ ಬದಲಿಸಿ, ಮಿಕ್ಕಿದ್ದನ್ನು ಮುಟ್ಟಬೇಡಿ. 5 ಸೆಕೆಂಡ್ ಅನ್ನು 2 ಮಾಡಿದರೆ? 50 ಅನ್ನು 20 ಮಾಡಿದರೆ? ಅರ್ಧ ಮಂದಿ ಅಲುಗದೆ ನಿಂತರೆ? ಮೊದಲು ಊಹೆ, ಆಮೇಲೆ ಓಟ. ಮಕ್ಕಳು ಉತ್ಸಾಹದಲ್ಲಿ ಎರಡು ಮೂರು ಅಂಕಿ ಒಟ್ಟಿಗೆ ಬದಲಿಸಿಬಿಡುತ್ತಾರೆ. ಆಗ ಬಂದ ವ್ಯತ್ಯಾಸ ಯಾವುದರಿಂದ ಅಂತ ಕೇಳಿ, ಹೇಳಲಾಗುವುದಿಲ್ಲ ಎಂಬುದು ಅವರಿಗೇ ತಿಳಿಯುತ್ತದೆ.

ದೊಡ್ಡವರಿಗೂ ತಿಳಿಯದೆ ನುಸುಳುವ ಒಂದು ದೋಷ ಇದೆ. 'ಬಣ್ಣ ತಾಕಿದೆಯೇ' ಎಂಬುದು ಕಂಪ್ಯೂಟರಿಗೆ ಭಾರದ ಕೆಲಸ. ಹಳೆಯ ಯಂತ್ರದಲ್ಲಿ 50 ಕ್ಲೋನ್ ತೆವಳುತ್ತವೆ. ಅಲೆದಾಟ ನಿಧಾನವಾಯಿತು, ಆದರೆ '5 ಸೆಕೆಂಡ್ ಕಾಯಿ' ಗಡಿಯಾರ ನೋಡಿಕೊಂಡೇ ನಡೆಯುತ್ತದೆ. ಪರಿಣಾಮ, ನಿಧಾನದ ಕಂಪ್ಯೂಟರಿನಲ್ಲಿ ಸೋಂಕಿತ ಕಡಿಮೆ ದೂರ ನಡೆದು ಚೇತರಿಸಿಕೊಳ್ಳುತ್ತಾನೆ, ಸೋಂಕು ಕಡಿಮೆ ಹರಡುತ್ತದೆ. ಒಂದೇ ಪ್ರಾಜೆಕ್ಟ್, ಎರಡು ಮೇಜಿನಲ್ಲಿ ಎರಡು ಫಲ. ಪ್ರಾಜೆಕ್ಟನ್ನು ಆದಷ್ಟು ವೇಗವಾಗಿ ಓಡಿಸುವ ಟರ್ಬೊ ಮೋಡ್ ಹಾಕಿದರೆ ಇದೇ ದೋಷ ತಿರುಗುಮುರುಗಾಗಿ ಬರುತ್ತದೆ. ಐದನೆಯ ತರಗತಿಯವರಾದರೆ ಸೆಕೆಂಡ್ ಬಿಟ್ಟು ಹೆಜ್ಜೆ ಎಣಿಸುವಂತೆ ತಿದ್ದಿಸಿ: 'ದಿನ' ಎಂಬ ವೇರಿಯೇಬಲ್, ಅಲೆದಾಟದ ಪ್ರತಿ ಸುತ್ತಿಗೂ ಒಂದು ಸೇರಿಸು. ಕೆಂಪಾದಾಗ 'ದಿನ' ಸೊನ್ನೆ ಮಾಡು, 150 ದಾಟುವವರೆಗೆ ಕಾಯಿ, ನೀಲಿಯಾಗು. ಸ್ಕ್ರ್ಯಾಚ್ ಸೆಕೆಂಡಿಗೆ 30 ಸುತ್ತು ಓಡುವುದರಿಂದ 5 ಸೆಕೆಂಡಿಗೆ 150. ಈ ವೇರಿಯೇಬಲ್ ಮಾಡುವಾಗ 'ಈ ಸ್ಪ್ರೈಟ್‌ಗೆ ಮಾತ್ರ' ಎಂಬುದನ್ನೇ ಆರಿಸಬೇಕು. 'ಎಲ್ಲ ಸ್ಪ್ರೈಟ್‌ಗಳಿಗೆ' ಎಂದು ಬಿಟ್ಟರೆ 51 ಮಂದಿಗೂ ಒಂದೇ ಕ್ಯಾಲೆಂಡರ್. ಎಲ್ಲರೂ ಸೇರಿ ಅದಕ್ಕೇ ಕೂಡಿಸುತ್ತ, ಹೊಸದಾಗಿ ಕೆಂಪಾದವರೆಲ್ಲ ಅದನ್ನೇ ಸೊನ್ನೆ ಮಾಡುತ್ತ, ಯಾರು ಯಾವಾಗ ಚೇತರಿಸಿಕೊಂಡರು ಎಂಬುದೇ ಗೊಂದಲ. 'ಒಟ್ಟು ತಗುಲಿದ್ದು' ಮಾತ್ರ ಎಲ್ಲರದು.

ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆಗೆ ಹತ್ತು ನಿಮಿಷ ಇಟ್ಟುಕೊಳ್ಳಿ: ನಮ್ಮ ಈ ಆಟದಲ್ಲಿ ನಿಜದ ಯಾವುದೆಲ್ಲ ಇಲ್ಲ? ಮನೆಗಳಿಲ್ಲ, ಶಾಲೆಯಿಲ್ಲ, ರಾತ್ರಿಯಿಲ್ಲ, ತಾಕಿದವರಿಗೆಲ್ಲ ತಪ್ಪದೆ ತಗುಲುತ್ತದೆ. ಮಾದರಿಯಲ್ಲಿ ಯಾವುದನ್ನು ಬಿಟ್ಟಿದ್ದೇವೆ ಎಂದು ಹೇಳಬಲ್ಲ ಮಗುವಿಗೆ ಮಾದರಿ ಅರ್ಥವಾಗಿದೆ. ಅಂಕ ಕೊಡುವುದಾದರೆ ಚಿತ್ರದ ಅಂದಕ್ಕಲ್ಲ, ಈ ಉತ್ತರಕ್ಕೆ ಕೊಡಿ.

ಕಾಳಿನ ಆಟ

ಜಾನ್ ಕಾನ್ವೇ ರೂಪಿಸಿದ, 1970 ರಲ್ಲಿ ಹೊರಜಗತ್ತಿಗೆ ಗೊತ್ತಾದ 'ಗೇಮ್ ಆಫ್ ಲೈಫ್' ಅನ್ನು ಹತ್ತು ವರ್ಷದವರು ಚೌಕುಳಿ ಹಾಳೆಯ ಮೇಲೆ ಕಾಳಿಟ್ಟು ಆಡಬಹುದು. ಪ್ರತಿ ಮನೆಗೂ ಸುತ್ತ ಎಂಟು ನೆರೆಮನೆ. ಕಾಳಿದ್ದ ಮನೆಗೆ 2 ಅಥವಾ 3 ನೆರೆಕಾಳು ಇದ್ದರೆ ಅದು ಉಳಿಯುತ್ತದೆ, ಇಲ್ಲವಾದರೆ ಹೋಗುತ್ತದೆ. ಖಾಲಿ ಮನೆಗೆ ಸರಿಯಾಗಿ 3 ನೆರೆಕಾಳು ಇದ್ದರೆ ಅಲ್ಲಿ ಹೊಸದು ಹುಟ್ಟುತ್ತದೆ. ಎಲ್ಲರೂ ಮಾಡುವ ತಪ್ಪು ಒಂದೇ: ಎಣಿಸುತ್ತ ಎಣಿಸುತ್ತಲೇ ಕಾಳು ತೆಗೆಯುವುದು. ಆಗ ಮುಂದಿನ ಮನೆಯ ಎಣಿಕೆ ಕೆಡುತ್ತದೆ. ಹೋಗಬೇಕಾದ ಕಾಳಿನ ಮೇಲೆ ಒಂದು ಸಣ್ಣ ಕಾಗದದ ಚೂರು, ಹುಟ್ಟಬೇಕಾದ ಜಾಗದಲ್ಲಿ ಬೇರೆ ಬಣ್ಣದ ಕಾಳು ಇಟ್ಟು, ಇಡೀ ಹಾಳೆ ಮುಗಿದ ಮೇಲೆ ಒಟ್ಟಿಗೆ ಬದಲಿಸಬೇಕು. ಪರೀಕ್ಷೆಗೆ ಅಡ್ಡಸಾಲಿನಲ್ಲಿ ಮೂರು ಕಾಳು ಇಡಿ. ಸರಿಯಾಗಿ ಆಡಿದರೆ ಮುಂದಿನ ಸುತ್ತಿಗೆ ಅವು ಲಂಬಸಾಲಾಗುತ್ತವೆ, ಅದರ ಮುಂದಿನದಕ್ಕೆ ಮತ್ತೆ ಅಡ್ಡ. ಬೇರೇನೇ ಬಂದರೂ ಎಲ್ಲೋ ಅವಸರ ಮಾಡಿದ್ದಾರೆ.

ತರಗತಿಯ ಏರ್ಪಾಡು

ಒಂದು ಕಂಪ್ಯೂಟರಿಗೆ ಇಬ್ಬರು. ಒಬ್ಬರ ಕೈಯಲ್ಲಿ ಮೌಸ್, ಇನ್ನೊಬ್ಬರ ಕೈಯಲ್ಲಿ ಊಹೆಯ ಪುಸ್ತಕ, 8 ನಿಮಿಷಕ್ಕೊಮ್ಮೆ ಅದಲುಬದಲು. ಗಂಟೆ ಬಾರಿಸಿ ಬದಲಿಸದಿದ್ದರೆ ಚುರುಕಾದ ಮಗು ಮೌಸ್ ಬಿಡುವುದೇ ಇಲ್ಲ. ತೊಂದರೆ ಬಂದಾಗ ನೀವು ಮೌಸ್ ಮುಟ್ಟಬೇಡಿ. ನೀವು ತಿದ್ದಿಕೊಟ್ಟರೆ ಪ್ರಾಜೆಕ್ಟ್ ಸರಿಯಾಗುತ್ತದೆ, ಮಗುವಿಗೆ ಏನೂ ಸಿಗುವುದಿಲ್ಲ. 'ಈ ಬ್ಲಾಕಿನಿಂದ ಓದಿ ಹೇಳು' ಅನ್ನಿ. ಓದುವಾಗಲೇ ಅರ್ಧ ತಪ್ಪುಗಳು ಸಿಕ್ಕಿಬಿಡುತ್ತವೆ.

ಖಾತೆಯಿಲ್ಲದೆ ಬ್ರೌಸರಿನಲ್ಲಿ ಕೆಲಸ ಮಾಡುವಾಗ ಟ್ಯಾಬ್ ಮುಚ್ಚಿದರೆ ಎಲ್ಲ ಹೋಯಿತು. ಪಾಠ ಮುಗಿಯಲು ಐದು ನಿಮಿಷ ಇರುವಾಗ 'ಕಂಪ್ಯೂಟರಿಗೆ ಉಳಿಸು' ಒತ್ತಿಸಿ, ಕಡತಕ್ಕೆ ತರಗತಿ, ಜೋಡಿಯ ಸಂಖ್ಯೆ, ದಿನಾಂಕ ಇರುವ ಹೆಸರು ಕೊಡಿಸಿ. ಹೆಸರು ಬದಲಿಸದೆ ಬಿಟ್ಟರೆ ಮುಂದಿನ ವಾರ ಒಂದೇ ಹೆಸರಿನ ಇಪ್ಪತ್ತು ಕಡತ ಎದುರಿಗಿರುತ್ತವೆ. ಅಂತರಜಾಲ ನೆಚ್ಚುವಂತಿಲ್ಲದಿದ್ದರೆ ಸ್ಕ್ರ್ಯಾಚ್‌ನ ಆಫ್‌ಲೈನ್ ಆವೃತ್ತಿಯನ್ನು ಮೊದಲೇ ಹಾಕಿಟ್ಟುಕೊಳ್ಳಿ.

ಇಡೀ ತರಗತಿಗೆ ಒಂದೇ ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಇದ್ದರೂ ಈ ಪಾಠಗಳು ನಡೆಯುತ್ತವೆ. ಮಕ್ಕಳು ಹೇಳಲಿ, ನೀವು ಹೇಳಿದಷ್ಟನ್ನೇ ಮಾಡಿ, ಒಂದು ಗುಲಗಂಜಿಯೂ ಹೆಚ್ಚಲ್ಲ. 'ಕೆಂಪು ಮಾಡಿ' ಎಂದರೆ ಎಲ್ಲಿ, ಯಾವ ಬ್ಲಾಕಿನ ಕೆಳಗೆ ಎಂದು ಕೇಳಿ ನಿಲ್ಲಿ. ಸೋಂಕಿನ ಮಾದರಿಯನ್ನು ಮೊದಲು ಅಂಗಳದಲ್ಲಿ ಆಡಿಸಿ: ಪ್ರತಿಯೊಬ್ಬರ ಬಳಿ ಹಸಿರು, ಕೆಂಪು, ನೀಲಿ ಮೂರು ಕಾರ್ಡ್, ಎಲ್ಲರೂ ಹಸಿರು ಹಿಡಿದು ನಿಧಾನವಾಗಿ ನಡೆಯಲಿ, ಒಬ್ಬರು ಮಾತ್ರ ಕೆಂಪು. ಕೆಂಪಿನವರು ಒಂದು ತೋಳಿನ ಅಳತೆಯೊಳಗೆ ಬಂದರೆ ಕಾರ್ಡ್ ಬದಲಿಸಿ, 20 ಹೆಜ್ಜೆ ಎಣಿಸಿ ನೀಲಿ ಹಿಡಿಯಲಿ. ಓಡಬಾರದು, ಓಡಿದರೆ ಅದು ಮುಟ್ಟಾಟವಾಗಿಬಿಡುತ್ತದೆ. ಒಳಗೆ ಬಂದು ಕೂತ ಮೇಲೆ ಕೇಳಿ: ಈಗ ಇದನ್ನೇ ಕಂಪ್ಯೂಟರಿಗೆ ಹೇಳಬೇಕು, ಮೊದಲ ಬ್ಲಾಕ್ ಯಾವುದು?